ಮಗುವಿನ ಆಪರೇಷನ್ನಿಗೆ ಹಣ ಹೊಂದಿಸುವುದು

ಮಗುವಿನ ಶಸ್ತ್ರಚಿಕಿತ್ಸೆಗೆ ಎಷ್ಟು ಹಣ ಬೇಕೆಂಬುದನ್ನು ಆಸ್ಪತ್ರೆ ಹೇಳುತ್ತದೆ. ಎಷ್ಟು ದಿನದೊಳಗೆ ಬೇಕೆಂಬುದನ್ನು ಕಾಯಿಲೆ ಹೇಳುತ್ತದೆ. ಹಣ ಹೊಂದಿಸುವ ದಾರಿಯನ್ನು ಆರಿಸುವಾಗ ಎರಡನೆಯದಕ್ಕೇ ತೂಕ ಹೆಚ್ಚು. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿ ಹುಟ್ಟಿದ ಶಿಶುವಿಗೆ ಮೊದಲ ಕೆಲವು ವಾರಗಳಲ್ಲೇ ಆಪರೇಷನ್ ಆಗಬೇಕು. ಪಿತ್ತನಾಳ ಮುಚ್ಚಿಕೊಂಡು ಕಾಮಾಲೆ ಇಳಿಯದ ಶಿಶುವಿಗೆ ಕಸಾಯ್ ಎಂಬ ಶಸ್ತ್ರಚಿಕಿತ್ಸೆಯನ್ನು ಹುಟ್ಟಿದ 60 ದಿನಗಳೊಳಗೆ ಮಾಡಿದರೆ ಫಲ ಚೆನ್ನಾಗಿರುತ್ತದೆ; ತಡವಾದಂತೆಲ್ಲ ಲಿವರ್ ಕಸಿಯೊಂದೇ ದಾರಿಯಾಗಿ ಉಳಿಯುತ್ತದೆ, ಖರ್ಚು ಎಷ್ಟೋ ಪಟ್ಟು ಏರುತ್ತದೆ. ಹುಟ್ಟುಗಿವುಡಿನ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಇಡಬೇಕಾದರೆ ಮಾತು ಕಲಿಯುವ ವಯಸ್ಸು ಮೀರಿರಬಾರದು. ಇನ್ನೊಂದು ಕಡೆ, ಹೃದಯದ ಗೋಡೆಯಲ್ಲಿ ಸಣ್ಣ ರಂಧ್ರವಿರುವ ಎಷ್ಟೋ ಮಕ್ಕಳಿಗೆ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ; ಕೆಲವರಿಗೆ ತಿಂಗಳುಗಟ್ಟಲೆ ಔಷಧಿಯ ಮೇಲೆ ಕಾಯಲು ಬರುತ್ತದೆ. ಕಾಯಬಹುದಾದ ಮಗುವಿಗೆ ಸರ್ಕಾರಿ ಯೋಜನೆಯ ಸರದಿ ಸಾಕು. ಕಾಯಲಾಗದ ಮಗುವಿಗೆ ಇಂದು ಸಂಜೆಯೊಳಗೆ ಡಿಪಾಜಿಟ್ ಕಟ್ಟುವ ವ್ಯವಸ್ಥೆ ಬೇಕು.

ಬೀದರ್, ಕಲಬುರಗಿ ಕಡೆಯಿಂದ ಬಂದ ತಂದೆತಾಯಿ ಡಾಕ್ಟರ ಮುಂದೆ ಕೂತು ಮೊದಲು ಕೇಳುವ ಮಾತು, 'ಎಷ್ಟ ಖರ್ಚ ಬರ್ತದ್ರೀ ಸಾಹೇಬ್ರ?' ಎಂದು. ಅದರ ಜೊತೆಗೇ 'ಎಷ್ಟ ದಿನ ತಡೀಬಹುದ್ರೀ?' ಎಂದೂ ಕೇಳಿ, ಉತ್ತರವನ್ನು ಬರೆಸಿಕೊಳ್ಳುವುದು ಅಗತ್ಯ. ಆ ಒಂದು ಸಾಲಿನ ಮೇಲೆ ಮುಂದಿನ ಓಡಾಟವೆಲ್ಲ ನಿಂತಿದೆ.

ಇಂಥ ಕುಟುಂಬಗಳು ಅಪರೂಪವಲ್ಲ. ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಎಂಟು ಒಂಬತ್ತು ಮಕ್ಕಳಿಗೆ ಹೃದಯದಲ್ಲಿ ಏನಾದರೊಂದು ಹುಟ್ಟುದೋಷ ಇರುತ್ತದೆ. ಭಾರತದಲ್ಲಿ ಅಂಥ ಮಕ್ಕಳ ಸಂಖ್ಯೆ ವರ್ಷಕ್ಕೆ ಎರಡು ಲಕ್ಷ ಮೀರುತ್ತದೆಂದು ಅಂದಾಜು. ಅವರಲ್ಲಿ ಐದರಲ್ಲೊಂದು ಪಾಲಿಗೆ ಮೊದಲ ವರ್ಷದೊಳಗೇ ಚಿಕಿತ್ಸೆ ಆಗಬೇಕು. ಹೃದಯವೊಂದರ ಲೆಕ್ಕವೇ ಇಷ್ಟು. ಮೆದುಳು, ಮೂತ್ರಪಿಂಡ, ಬೆನ್ನುಹುರಿ, ಕ್ಯಾನ್ಸರುಗಳ ಲೆಕ್ಕ ಬೇರೆ. ಖರ್ಚಿನ ಭಾರ ಯಾರ ಹೆಗಲ ಮೇಲಿದೆ ಎಂಬುದಕ್ಕೆ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದಲ್ಲಿ ಉತ್ತರವಿದೆ. 2013-14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ನೂರಕ್ಕೆ 64.2 ಭಾಗ ಜನರ ಸ್ವಂತ ಜೇಬಿನಿಂದ ಹೋಗುತ್ತಿತ್ತು. 2021-22ರ ಹೊತ್ತಿಗೆ ಅದು 39.4ಕ್ಕೆ ಇಳಿದಿದೆ. ಇಳಿದದ್ದು ಸಣ್ಣ ಸಾಧನೆಯಲ್ಲ. ಆದರೆ ಉಳಿದ ಆ 39 ಭಾಗ ಎಲ್ಲರ ಮೇಲೂ ಸಮನಾಗಿ ಹಂಚಿ ಬೀಳುವುದಿಲ್ಲ, ಕೆಲವು ಮನೆಗಳ ಮೇಲೆ ಒಟ್ಟಿಗೇ ಬೀಳುತ್ತದೆ.

ಹೈದರಾಬಾದಿನ ತಾರ್ನಾಕದಲ್ಲಿ ಈ ಅಸಮಾನತೆ ಒಂದೇ ಬಡಾವಣೆಯೊಳಗೆ ಕಾಣುತ್ತದೆ. ಒಂದು ಮಗ್ಗುಲಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯ, ಅದಕ್ಕೆ ತಾಗಿ 1958ರಲ್ಲಿ ಕೂನೂರಿನಿಂದ ಇಲ್ಲಿಗೆ ಬಂದ ರಾಷ್ಟ್ರೀಯ ಪೋಷಣ ಸಂಸ್ಥೆ. ಉಪ್ಪಲ್ ರಸ್ತೆ ಹಿಡಿದರೆ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ, ಸಿಸಿಎಂಬಿ, ಎನ್‌ಜಿಆರ್‌ಐ ಎಂಬ ವಿಜ್ಞಾನ ಸಂಸ್ಥೆಗಳು ಸಾಲಾಗಿ ಸಿಗುತ್ತವೆ. ಹತ್ತಿರದ ಲಾಲಾಗುಡದಲ್ಲಿ ದಕ್ಷಿಣ ಮಧ್ಯ ರೈಲ್ವೆಯ ಕೇಂದ್ರ ಆಸ್ಪತ್ರೆ. ತಾರ್ನಾಕದಲ್ಲೇ ಸಾರಿಗೆ ನೌಕರರ ಆರ್‌ಟಿಸಿ ಆಸ್ಪತ್ರೆ. ಇಲ್ಲಿನ ರೈಲ್ವೆ ನೌಕರನ ಮಗುವಿಗೆ ದೊಡ್ಡ ಆಪರೇಷನ್ ಬೇಕಾದರೆ ರೈಲ್ವೆ ಆಸ್ಪತ್ರೆಯ ರೆಫರಲ್ ಪತ್ರ ದಾರಿ ತೋರಿಸುತ್ತದೆ. ಬಸ್ ಕಂಡಕ್ಟರನ ಮಗುವಿಗೆ ಆರ್‌ಟಿಸಿ ಆಸ್ಪತ್ರೆ, ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ ಕೇಂದ್ರದ ಆರೋಗ್ಯ ಯೋಜನೆ ಸಿಜಿಎಚ್‌ಎಸ್, ಕಾರ್ಖಾನೆ ಕಾರ್ಮಿಕನ ಮಗುವಿಗೆ ಸನತ್‌ನಗರದ ಇಎಸ್‌ಐ ಆಸ್ಪತ್ರೆ ಇದೆ. ಇವರ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸು, ಅಪಾರ್ಟ್‌ಮೆಂಟಿನ ವಾಚ್‌ಮನ್, ಮೆಟ್ರೊ ಸ್ಟೇಷನ್ನಿನ ಕೆಳಗೆ ಆಟೊ ನಿಲ್ಲಿಸಿಕೊಂಡವ, ಇವರಿಗೆ ಬಡವರಿಗೆ ಕೊಡುವ ಬಿಳಿ ರೇಷನ್ ಕಾರ್ಡ್ ಇದ್ದರೆ ರಾಜ್ಯ ಸರ್ಕಾರದ ಉಚಿತ ಚಿಕಿತ್ಸಾ ಯೋಜನೆ ಆರೋಗ್ಯಶ್ರೀ ಇದೆ. ಎಲ್ಲಕ್ಕಿಂತ ಕಷ್ಟ ಇವೆರಡರ ನಡುವಿನವರದು: ಕಾರ್ಡಿನ ಮಿತಿಗಿಂತ ಆದಾಯ ಸ್ವಲ್ಪ ಹೆಚ್ಚು, ಆಸ್ಪತ್ರೆಯ ಬಿಲ್ಲಿಗೆ ಬಹಳ ಕಡಿಮೆ. ಖಾಸಗಿ ಶಾಲೆಯ ಮೇಷ್ಟ್ರು, ಗುತ್ತಿಗೆ ಮೇಲಿನ ಲೆಕ್ಚರರ್, ಸಣ್ಣ ಅಂಗಡಿಯವರು ಈ ಸಾಲಿನವರು. ಊರ ಮುಂದೆ ಕೈಚಾಚಬೇಕಾಗಿ ಬರುವುದು ಹೆಚ್ಚಾಗಿ ಇಂಥವರಿಗೇ.

ಕನ್ನಡದ ಕುಟುಂಬಗಳಿಗೆ ಇಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಬೀದರ್, ಕಲಬುರಗಿ, ರಾಯಚೂರು ಸೀಮೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ರಾಜಧಾನಿ ಬದಲಾಯಿತು, ದೊಡ್ಡ ಆಸ್ಪತ್ರೆಯ ದಾರಿ ಬದಲಾಗಲಿಲ್ಲ. ಬೀದರಿನಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್. ಹೈದರಾಬಾದ್ 140 ಕಿಲೋಮೀಟರಿನ ಆಸುಪಾಸು. ಉಸಿರಿಗೆ ಒದ್ದಾಡುವ ಕೂಸನ್ನು ಎತ್ತಿಕೊಂಡ ತಾಯಿ ಹತ್ತಿರದ ಊರಿಗೆ ಓಡುವುದು ಸಹಜ. ಆದರೆ ಕರ್ನಾಟಕದ ಬಿಪಿಎಲ್ ಕಾರ್ಡ್ ತೆಲಂಗಾಣದ ಆರೋಗ್ಯಶ್ರೀಗೆ ನಡೆಯುವುದಿಲ್ಲ. ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಬೇರೆ ರಾಜ್ಯದಲ್ಲೂ ಚಿಕಿತ್ಸೆ ಪಡೆಯುವ ಅವಕಾಶವಿದೆ, ತೆಲಂಗಾಣ 2021ರಲ್ಲಿ ಅದಕ್ಕೆ ಸೇರಿದೆ. ಆದರೂ ಹೋಗುವ ಆಸ್ಪತ್ರೆ ಮತ್ತು ಅಲ್ಲಿನ ಆ ವಿಭಾಗ ಯೋಜನೆಯಲ್ಲಿ ನೋಂದಣಿಯಾಗಿರಬೇಕು, ಕುಟುಂಬದ ಹೆಸರು ಸರಿಯಾದ ಪಟ್ಟಿಯಲ್ಲಿರಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಇದನ್ನು ವಿಚಾರಿಸಿ, ರೆಫರಲ್ ಪತ್ರ ಕೈಯಲ್ಲಿ ಹಿಡಿದು ಗಡಿ ದಾಟುವುದಕ್ಕೂ, ಬರಿಗೈಯಲ್ಲಿ ಬಂದು ಸಿಕಂದರಾಬಾದಿನಲ್ಲಿ ಇಳಿಯುವುದಕ್ಕೂ ಲಕ್ಷಗಟ್ಟಲೆ ರೂಪಾಯಿಯ ವ್ಯತ್ಯಾಸ ಬರಬಹುದು. ಹೃದಯದ ಕಾಯಿಲೆಯಾದರೆ ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ. 371 ಹಾಸಿಗೆಗಳ ಅದರ ಹೊಸ ಕಟ್ಟಡ 2024ರ ಡಿಸೆಂಬರಿನಲ್ಲಿ ಉದ್ಘಾಟನೆಯಾಯಿತು. ಮಗುವಿಗೆ ಬೇಕಾದ ಆಪರೇಷನ್ ಅಲ್ಲಿ ಆಗುತ್ತದೆಯೇ ಎಂದು ಮೊದಲು ಕೇಳಿ ಹೊರಡುವುದು ಒಳ್ಳೆಯದು.

ಯಾವ ನೆರವಿಗೆ ಅರ್ಜಿ ಹಾಕಿದರೂ ಮೊದಲು ಕೇಳುವ ಕಾಗದ ಆಸ್ಪತ್ರೆಯ ಎಸ್ಟಿಮೇಟ್. ಅದು ಆಸ್ಪತ್ರೆಯ ಲೆಟರ್‌ಹೆಡ್ ಮೇಲಿರಬೇಕು. ಮಗುವಿನ ಹೆಸರು, ವಯಸ್ಸು, ರೋಗ, ಮಾಡಬೇಕಾದ ಶಸ್ತ್ರಚಿಕಿತ್ಸೆ, ಮೊತ್ತ, ಡಾಕ್ಟರ ಸಹಿ ಮತ್ತು ಮೊಹರು ಇರಬೇಕು. ಎಸ್ಟಿಮೇಟಿನಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂದು ಓದುವುದು ಮುಖ್ಯ. ಆಪರೇಷನ್ನಿಗೆ ಮುಂಚಿನ ಎಕೋ, ಸ್ಕ್ಯಾನ್, ರಕ್ತಪರೀಕ್ಷೆಗಳು ಅನೇಕ ಸಲ ಹೊರಗಿರುತ್ತವೆ. ಐಸಿಯುವಿನಲ್ಲಿ ಇಷ್ಟು ದಿನ ಎಂದು ಹಿಡಿದ ಲೆಕ್ಕ ಸೋಂಕು ತಗುಲಿದರೆ ತಲೆಕೆಳಗಾಗುತ್ತದೆ. ರಕ್ತ, ಆಪರೇಷನ್ನಿನಲ್ಲಿ ಬಳಸುವ ವಾಲ್ವ್ ಅಥವಾ ಷಂಟ್, ಮನೆಗೆ ಹೋದ ಮೇಲಿನ ಔಷಧಿ, ಆರು ತಿಂಗಳಿಗೊಮ್ಮೆ ಬರುವ ತಪಾಸಣೆ, ಲಿವರ್ ಕಸಿಯಾದ ಮಗುವಿಗೆ ಜೀವನವಿಡೀ ಬೇಕಾಗುವ ಮಾತ್ರೆ, ಇವೆಲ್ಲ ಬೇರೆ. ಅಪ್ಪನ ಕೂಲಿ ನಿಂತು ಹೋಗುವುದು, ಲಾಡ್ಜಿನ ಬಾಡಿಗೆ, ಊರಲ್ಲಿ ಬಿಟ್ಟುಬಂದ ಇನ್ನೊಂದು ಮಗುವಿನ ಊಟ, ಇವನ್ನು ಯಾವ ಎಸ್ಟಿಮೇಟೂ ಬರೆಯುವುದಿಲ್ಲ. ಹಣ ಕೂಡಿಸುವವರು ತಾವೇ ಬರೆದುಕೊಳ್ಳಬೇಕು. ಕಾಲಾವಕಾಶವಿದ್ದರೆ ಇನ್ನೊಂದು ಆಸ್ಪತ್ರೆಯಲ್ಲೂ ಅಭಿಪ್ರಾಯ ಮತ್ತು ಎಸ್ಟಿಮೇಟ್ ಪಡೆಯಲು ಸಂಕೋಚ ಪಡಬೇಕಾಗಿಲ್ಲ. ಒಂದೇ ಆಪರೇಷನ್ನಿಗೆ ಒಂದೇ ಊರಿನ ಎರಡು ಕಡೆ ದುಪ್ಪಟ್ಟು ಅಂತರ ಇರುವುದುಂಟು.

ಎಸ್ಟಿಮೇಟ್ ಕೈಗೆ ಬಂದ ಕೂಡಲೇ ಫೋಟೊ ತೆಗೆದು ಫೋನಿನಲ್ಲಿ ಹಂಚಲು ಹೊರಡುವುದು ಈಗಿನ ರೂಢಿ. ಆ ಕೆಲಸ ಕೊನೆಗೆ ಬರಬೇಕಾದದ್ದು. ಸಾರ್ವಜನಿಕರ ಕರುಣೆ ದೊಡ್ಡದು, ಆದರೆ ಅಳತೆಯಿಲ್ಲದ್ದಲ್ಲ. ಹಕ್ಕಿನಿಂದ ಸಿಗಬಹುದಾದ ಎರಡು ಲಕ್ಷವನ್ನು ದಾನದಿಂದ ಕೂಡಿಸಿದರೆ, ಯಾವ ಯೋಜನೆಯೂ ಮುಟ್ಟದ ಇನ್ನೊಂದು ಮಗುವಿಗೆ ಅಷ್ಟು ಕಡಿಮೆಯಾಗುತ್ತದೆ. ಆದ್ದರಿಂದ ಮೊದಲು ಹಕ್ಕು, ಆಮೇಲೆ ಸರ್ಕಾರದ ಪರಿಹಾರ ನಿಧಿ, ಆಮೇಲೆ ಟ್ರಸ್ಟುಗಳು, ಅವೆಲ್ಲ ಕಳೆದು ಉಳಿದ ಕೊರತೆಗೆ ಮಾತ್ರ ಚಂದಾ ಎಂಬ ಕ್ರಮ ಸರಿಯಾದದ್ದು.

ಹಕ್ಕು ಎಂಬ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ಈ ಶತಮಾನದ ಆರಂಭದಲ್ಲಿ, ತೆಲಂಗಾಣ ಇನ್ನೂ ಬೇರೆಯಾಗದಿದ್ದ ಆಂಧ್ರಪ್ರದೇಶದ ಬಡವರು ಮಕ್ಕಳ ಹೃದಯದ ಆಪರೇಷನ್ನಿಗೆ ಮುಖ್ಯಮಂತ್ರಿಗಳ ಕಚೇರಿಯ ಮುಂದೆ ಅರ್ಜಿ ಹಿಡಿದು ನಿಲ್ಲುತ್ತಿದ್ದರು. 2004ರ ನಂತರ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರ ಸರ್ಕಾರ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಗೆ ನೆರವು ಕೊಡತೊಡಗಿದಾಗ ಅರ್ಜಿಗಳು ಹರಿದುಬಂದವು. ಒಬ್ಬೊಬ್ಬರ ಅರ್ಜಿಯ ಮೇಲೆ ಒಬ್ಬೊಬ್ಬರಿಗೆ ಹಣ ಕೊಡುವ ಪದ್ಧತಿ ಸಾಲದೆಂದು ಕಂಡು, 2007ರ ಏಪ್ರಿಲ್ 1ರಂದು ಮಹಬೂಬ್‌ನಗರ, ಅನಂತಪುರ, ಶ್ರೀಕಾಕುಳಂ ಈ ಮೂರು ಜಿಲ್ಲೆಗಳಲ್ಲಿ ಆರೋಗ್ಯಶ್ರೀ ಶುರುವಾಯಿತು. ಬೇಗನೆ ರಾಜ್ಯಕ್ಕೆಲ್ಲ ಹಬ್ಬಿತು. ಬಿಳಿ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ, ಅದು ಮೀರಿದರೆ ಇನ್ನೂ ಐವತ್ತು ಸಾವಿರ, ಆಸ್ಪತ್ರೆಯಲ್ಲಿ ನಗದು ಕಟ್ಟಬೇಕಾಗಿಲ್ಲ ಎಂಬುದು ಅದರ ಮೂಲರೂಪ. ತೆಲಂಗಾಣದಲ್ಲಿ ಈ ಮಿತಿ 2023ರ ಡಿಸೆಂಬರ್ 9ರಿಂದ ಹತ್ತು ಲಕ್ಷವಾಗಿದೆ. ಕರ್ನಾಟಕದಲ್ಲಿ ಇದೇ ಮಾದರಿಯ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಕಾಲಿಟ್ಟದ್ದು ಕಲಬುರಗಿ ವಿಭಾಗದಲ್ಲೇ. 2018ರಿಂದ ಅದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಸೇರಿದೆ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ನೂರಕ್ಕೆ ಮೂವತ್ತರಂತೆ ಒಂದೂವರೆ ಲಕ್ಷದವರೆಗೆ. ಸಹಕಾರ ಸಂಘದ ಸದಸ್ಯರಾದ ರೈತರಿಗೆ 2003ರಲ್ಲಿ ಶುರುವಾಗಿ, ನಡುವೆ ನಿಂತು, ಮತ್ತೆ ಆರಂಭವಾದ ಯಶಸ್ವಿನಿ ಯೋಜನೆ ಬೇರೆ ಇದೆ.

ಇವುಗಳ ಜೊತೆಗೆ ಮಕ್ಕಳಿಗೆಂದೇ ಇರುವ ಯೋಜನೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. 2013ರಲ್ಲಿ ಆರಂಭವಾದ ಇದರಲ್ಲಿ ವೈದ್ಯರ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಹೋಗಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತವೆ. ಸೀಳುತುಟಿ, ವಕ್ರಪಾದ, ಹೃದಯದ ಹುಟ್ಟುದೋಷ, ಕಿವುಡು ಇವು ಪತ್ತೆಯಾದರೆ ಶಸ್ತ್ರಚಿಕಿತ್ಸೆಯೂ ಸೇರಿ ಚಿಕಿತ್ಸೆ ಉಚಿತ. ಅಂಗನವಾಡಿಯ ಟೀಚರಮ್ಮ ಬರೆದುಕೊಟ್ಟ ಚೀಟಿಯೊಂದು ಲಕ್ಷಾಂತರ ರೂಪಾಯಿಯ ಆಪರೇಷನ್ನಿಗೆ ಬಾಗಿಲು ತೆಗೆಯುತ್ತದೆ ಎಂಬುದು ಎಷ್ಟೋ ತಾಯಂದಿರಿಗೆ ಗೊತ್ತಿಲ್ಲ. ಕಾಕ್ಲಿಯರ್ ಇಂಪ್ಲಾಂಟಿಗೆ ಕೇಂದ್ರದ ಎಡಿಪ್ ಯೋಜನೆ ಇದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ, ಅಲಿ ಯಾವರ್ ಜಂಗ್ ಸಂಸ್ಥೆಯ ಸಿಕಂದರಾಬಾದ್ ಕೇಂದ್ರದಲ್ಲೂ ಮಾಹಿತಿ ಸಿಗುತ್ತದೆ. ಥಲಸೀಮಿಯಾ ಮಕ್ಕಳ ಅಸ್ಥಿಮಜ್ಜೆ ಕಸಿಗೆ ಕೋಲ್ ಇಂಡಿಯಾ ಕಂಪನಿಯ ಹಣದಿಂದ 2017ರಲ್ಲಿ ಶುರುವಾದ ಯೋಜನೆ ಹತ್ತು ಲಕ್ಷದವರೆಗೆ ಕೊಡುತ್ತದೆ. ಅಪರೂಪದ ಕಾಯಿಲೆಗಳಿಗೆ 2021ರ ರಾಷ್ಟ್ರೀಯ ನೀತಿಯಡಿ 50 ಲಕ್ಷದವರೆಗೆ ನೆರವುಂಟು. ಅದರ ಹೈದರಾಬಾದ್ ಕೇಂದ್ರ ಪಂಜಗುಟ್ಟದ ನಿಮ್ಸ್ ಆಸ್ಪತ್ರೆ, ವಂಶವಾಹಿ ಪರೀಕ್ಷೆಗೆ ಅದರ ಜೊತೆಗಿರುವುದು ತಾರ್ನಾಕಕ್ಕೆ ಸಮೀಪದ ಉಪ್ಪಲಿನ ಡಿಎನ್‌ಎ ಪರೀಕ್ಷಾ ಕೇಂದ್ರ ಸಿಡಿಎಫ್‌ಡಿ.

ಪ್ರತಿ ನೋಂದಾಯಿತ ಆಸ್ಪತ್ರೆಯಲ್ಲೂ ಯೋಜನೆಯ ಒಂದು ಕೌಂಟರ್ ಇರುತ್ತದೆ. ಅಲ್ಲಿ ಕೂತವರನ್ನು ತೆಲಂಗಾಣದಲ್ಲಿ ಆರೋಗ್ಯಮಿತ್ರ ಎನ್ನುತ್ತಾರೆ. ಮಗುವನ್ನು ನಗದು ಕಟ್ಟುವ ರೋಗಿಯೆಂದು ದಾಖಲು ಮಾಡಿಸುವ ಮುಂಚೆಯೇ ಅವರನ್ನು ಕಾಣಬೇಕು. ನಗದು ರೋಗಿಯಾಗಿ ಸೇರಿದ ಮೇಲೆ ಯೋಜನೆಗೆ ಬದಲಾಯಿಸಿಕೊಳ್ಳುವುದು ಕಷ್ಟದ ಕೆಲಸ. ಯೋಜನೆಯ ಆಪರೇಷನ್ನಿಗೆ ಪೂರ್ವಾನುಮತಿ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ತುರ್ತಾದರೆ ಫೋನಿನ ಮೇಲೂ ಅನುಮತಿ ಪಡೆಯಲು ಬರುತ್ತದೆ. ಡಾಕ್ಟರಿಂದ ಬರೆಸಿಕೊಂಡ 'ಎಷ್ಟು ದಿನ' ಎಂಬ ಸಾಲು ಇಲ್ಲಿಯೇ ಕೆಲಸಕ್ಕೆ ಬರುವುದು.

ಯೋಜನೆಯಲ್ಲಿ ಇಲ್ಲದ ಆಪರೇಷನ್ನಿಗೆ, ಅಥವಾ ಮಿತಿ ಮೀರಿದ ಮೊತ್ತಕ್ಕೆ, ಮುಖ್ಯಮಂತ್ರಿಗಳ ಪರಿಹಾರ ನಿಧಿ ಇದೆ. ತೆಲಂಗಾಣದಲ್ಲಿ ಇದಕ್ಕೆ ಎರಡು ಬಗೆ. ನಿಮ್ಸಿನಂಥ ಸರ್ಕಾರಿ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂಚೆಯೇ ಇಷ್ಟು ಹಣ ಸರ್ಕಾರ ಕೊಡುತ್ತದೆಂಬ ಪತ್ರ ಸಿಗುತ್ತದೆ. ಆಸ್ಪತ್ರೆಯ ಪಡಸಾಲೆಯಲ್ಲಿ ಎಲ್ಲರ ಬಾಯಲ್ಲೂ ಅದು 'ಎಲ್‌ಒಸಿ'. ಖಾಸಗಿ ಆಸ್ಪತ್ರೆಯಾದರೆ ಬಿಲ್ಲು ಕಟ್ಟಿದ ಮೇಲೆ ಅರ್ಜಿ ಹಾಕಿ ಒಂದು ಭಾಗವನ್ನು ಮರಳಿ ಪಡೆಯಬಹುದು. ಇದಕ್ಕೆ ಶಾಸಕರ ಶಿಫಾರಸು ಪತ್ರ ಜೊತೆಗಿರುವುದು ವಾಡಿಕೆ. 2024ರಿಂದ ಅರ್ಜಿ ಆನ್‌ಲೈನಿನಲ್ಲಿ ಹೋಗುತ್ತದೆ. ತಾರ್ನಾಕದಿಂದ ನಿಮ್ಸಿಗೆ ಹೋಗುವವರು ಮೆಟ್ರೊದಲ್ಲಿ ಅಮೀರ್‌ಪೇಟೆಗೆ ಹೋಗಿ ಗಾಡಿ ಬದಲಿಸಿ ಪಂಜಗುಟ್ಟ ಅಥವಾ ಇರ‍್ರಂ ಮಂಜಿಲ್‌ನಲ್ಲಿ ಇಳಿಯುತ್ತಾರೆ. ಕರ್ನಾಟಕದ ನಿವಾಸಿಗಳು ತಮ್ಮ ರಾಜ್ಯದ ನಿಧಿಗೇ ಅರ್ಜಿ ಹಾಕಬೇಕು. ಊರಿನ ಶಾಸಕರ ಕಚೇರಿಯಲ್ಲಿ ಇದನ್ನು ಬಲ್ಲ ಸಹಾಯಕರೊಬ್ಬರು ಇದ್ದೇ ಇರುತ್ತಾರೆ. 1948ರಿಂದ ಇರುವ ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿಯೂ ದೊಡ್ಡ ಶಸ್ತ್ರಚಿಕಿತ್ಸೆಗೆ ಭಾಗಶಃ ನೆರವು ಕೊಡುತ್ತದೆ, ಹಣ ನೇರವಾಗಿ ಆಸ್ಪತ್ರೆಗೆ ಹೋಗುತ್ತದೆ; ಸಂಸದರ ಪತ್ರವಿದ್ದರೆ ಅನುಕೂಲ. ಮುಖ್ಯಮಂತ್ರಿಗಳ ನಿಧಿಗೆ ನಕಲಿ ಬಿಲ್ಲು ಸಲ್ಲಿಸಿದ ಆರೋಪದ ಮೇಲೆ 2024ರಲ್ಲಿ ತೆಲಂಗಾಣದ ಸಿಐಡಿ ಖಾಸಗಿ ಆಸ್ಪತ್ರೆಗಳ ಮೇಲೆ ಪ್ರಕರಣ ದಾಖಲಿಸಿತು. ಅಂಥ ವಂಚನೆಯ ಬೆಲೆ ತೆರುವುದು ನಿಜವಾದ ರೋಗಿ: ಪರಿಶೀಲನೆ ಬಿಗಿಯಾಗುತ್ತದೆ, ಕಾಯುವ ದಿನಗಳು ಬೆಳೆಯುತ್ತವೆ. ನಿಧಿಯ ಹಣ ಕೊಡಿಸುತ್ತೇನೆಂದು ಕಮಿಷನ್ ಕೇಳುವ ಮಧ್ಯವರ್ತಿಯನ್ನು ಬಾಗಿಲಲ್ಲೇ ನಿಲ್ಲಿಸಬೇಕು.

ಹಣವನ್ನೇ ಕೇಳದ ಆಸ್ಪತ್ರೆಗಳೂ ಇವೆ. ಪುಟ್ಟಪರ್ತಿಯಲ್ಲಿ 1991ರಲ್ಲಿ, ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ 2001ರಲ್ಲಿ ತೆರೆದ ಸತ್ಯಸಾಯಿ ಆಸ್ಪತ್ರೆಗಳು ಹೃದಯದ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡುತ್ತವೆ. ಅಲ್ಲಿ ಬೇಕಾದದ್ದು ಸರದಿ ಕಾಯುವ ಅವಕಾಶ. ಸೀಳುತುಟಿ ಮತ್ತು ಸೀಳು ಅಂಗುಳಿಗೆ ಸ್ಮೈಲ್ ಟ್ರೈನ್ ಸಂಸ್ಥೆಯ ನೆರವಿನಿಂದ ದೇಶದ ಹಲವು ಆಸ್ಪತ್ರೆಗಳಲ್ಲಿ ಖರ್ಚಿಲ್ಲದೆ ಆಪರೇಷನ್ ಆಗುತ್ತದೆ. ಈ ಒಂದು ಕಾಯಿಲೆಗೆ ಯಾರೂ ಸಾಲ ಮಾಡಬೇಕಾಗಿಲ್ಲ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ 1987ರಿಂದ ಬಡವರಿಗೆ ಹಣ ಪಡೆಯದೆ ಚಿಕಿತ್ಸೆ ಮಾಡಿಕೊಂಡು ಬಂದಿದೆ. ರೆಡ್ ಹಿಲ್ಸಿನ ನಿಲೋಫರ್ ಆಸ್ಪತ್ರೆ ಸರ್ಕಾರದ ದೊಡ್ಡ ಮಕ್ಕಳ ಆಸ್ಪತ್ರೆ. ಹೆರಿಗೆಯಲ್ಲಿ ತನ್ನ ಸೇವಕಿ ತೀರಿಕೊಂಡ ದುಃಖದಿಂದ ನಿಜಾಮರ ಸೊಸೆ ನಿಲೋಫರ್ ಇದಕ್ಕೆ ಮುಂದಾದರೆಂದು ಹೇಳುತ್ತಾರೆ. ಅದೇ ಸೀಮೆಯಲ್ಲಿ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆ ಇದೆ. ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲೂ ಸಮಾಜ ಕಾರ್ಯಕರ್ತರೆಂಬ ಸಿಬ್ಬಂದಿ ಇರುತ್ತಾರೆ. ಯಾವ ಟ್ರಸ್ಟ್ ಯಾವ ಕಾಯಿಲೆಗೆ ಎಷ್ಟು ಕೊಡುತ್ತದೆಂಬ ಪಟ್ಟಿ ಅವರ ಬಳಿ ಇರುತ್ತದೆ. ಆ ಕೋಣೆಯನ್ನು ಹುಡುಕಿ ಹೋಗುವುದರಲ್ಲಿ ಕಳೆಯುವ ಒಂದು ಗಂಟೆ ಬೀದಿಯಲ್ಲಿ ಅಲೆಯುವ ಒಂದು ವಾರಕ್ಕಿಂತ ಹೆಚ್ಚು ಕೊಡುತ್ತದೆ.

ಇಷ್ಟೆಲ್ಲ ಆದಮೇಲೂ ಕೊರತೆ ಉಳಿದರೆ ಜನರನ್ನು ಕೇಳಲೇಬೇಕು. ಕೇಳುವುದರಲ್ಲಿ ಅವಮಾನವಿಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪಟ್ಟಿ ಎತ್ತುವುದು ಜಾತ್ರೆಗೂ ಇತ್ತು, ಗುಡಿ ಕಟ್ಟುವುದಕ್ಕೂ ಇತ್ತು, ದಿಕ್ಕಿಲ್ಲದವರ ಮದುವೆಗೂ ಇತ್ತು. ಪಟ್ಟಿಯಲ್ಲಿ ಹೆಸರು, ಮುಂದೆ ಮೊತ್ತ, ಹಿರಿಯರಿಬ್ಬರ ಉಸ್ತುವಾರಿ ಇರುತ್ತಿದ್ದುದರಿಂದ ಅದಕ್ಕೊಂದು ಮರ್ಯಾದೆಯಿತ್ತು. ಈಗಿನ ಫೋನಿನ ಚಂದಾಕ್ಕೂ ಅದೇ ಮೂರು ಬೇಕು: ಬರಹದಲ್ಲಿ ಲೆಕ್ಕ, ಕುಟುಂಬದ ಹೊರಗಿನ ಇಬ್ಬರು ನಂಬಿಕಸ್ಥರು, ಎಲ್ಲರಿಗೂ ಕಾಣುವ ಮೊತ್ತ.

ಇದು ಎಷ್ಟರ ಮಟ್ಟಿಗೆ ಸಾಧ್ಯ ಎಂಬುದಕ್ಕೆ ಹೈದರಾಬಾದಿನಲ್ಲೇ ಉದಾಹರಣೆಯಿದೆ. 2021ರಲ್ಲಿ ಸ್ನಾಯುಗಳು ಕ್ರಮೇಣ ಬಲಗುಂದುವ ಎಸ್‌ಎಂಎ ಎಂಬ ವಂಶವಾಹಿ ಕಾಯಿಲೆಯ ಮೂರು ವರ್ಷದ ಮಗುವಿಗೆ ಜೋಲ್ಗೆನ್‌ಸ್ಮಾ ಎಂಬ ಒಂದೇ ಸಲ ಕೊಡುವ ಔಷಧಿ ಬೇಕಾಯಿತು. ಅದರ ಬೆಲೆ ಸುಮಾರು 16 ಕೋಟಿ ರೂಪಾಯಿ. ಇಂಪ್ಯಾಕ್ಟ್ ಗುರು ಎಂಬ ಚಂದಾ ವೇದಿಕೆಯ ಮೂಲಕ ಅರುವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿ 14.84 ಕೋಟಿ ಕೂಡಿಸಿದರು. ಕೇಂದ್ರ ಸರ್ಕಾರ ಆಮದು ಸುಂಕ ಮತ್ತು ತೆರಿಗೆ ಬಿಟ್ಟಿತು. ಜೂನ್ ತಿಂಗಳಲ್ಲಿ ಸಿಕಂದರಾಬಾದಿನ ರೇನ್‌ಬೋ ಮಕ್ಕಳ ಆಸ್ಪತ್ರೆಯಲ್ಲಿ ಔಷಧಿ ಕೊಡಲಾಯಿತು. ಅದು ಶಸ್ತ್ರಚಿಕಿತ್ಸೆಯಲ್ಲ, ಆದರೂ ದೊಡ್ಡ ಮೊತ್ತ ಸಣ್ಣ ಕೈಗಳಿಂದ ಬರುವ ರೀತಿಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಸಂಗ ಕಡಿಮೆ. ಅದೇ ವರ್ಷ ಜುಲೈನಲ್ಲಿ ಕೇರಳದ ಕಣ್ಣೂರು ಜಿಲ್ಲೆಯ ಒಂದು ಮಗುವಿಗೆ ಅದೇ ಔಷಧಿಗಾಗಿ 18 ಕೋಟಿ ಕೇಳಿದಾಗ ಒಂದು ವಾರದ ಆಸುಪಾಸಿನಲ್ಲಿ 46 ಕೋಟಿಗೂ ಮಿಕ್ಕಿ ಬಂತು. ಊರಿನ ಸಮಿತಿಯವರೇ ಇನ್ನು ಕಳಿಸಬೇಡಿ ಎಂದು ಕೇಳಿಕೊಳ್ಳಬೇಕಾಯಿತು. ಎಲ್ಲ ಮನವಿಗಳಿಗೂ ಇಂಥ ಅದೃಷ್ಟವಿರುವುದಿಲ್ಲ. ಮುದ್ದಾದ ಮುಖ, ಹೆಸರಾಂತರ ಒಂದು ಮಾತು, ಓದುಬರಹ ಬಲ್ಲ ತಂದೆತಾಯಿ ಇದ್ದಲ್ಲಿ ಹಣ ಬೇಗ ಸೇರುತ್ತದೆ. ಚಂದಾದ ದೊಡ್ಡ ಕೊರತೆ ಇದು: ರೋಗದ ತೀವ್ರತೆಯನ್ನು ನೋಡಿ ಅದು ಹಂಚಿಕೆಯಾಗುವುದಿಲ್ಲ.

ಬೆಂಗಳೂರಿನಲ್ಲಿ 2010ರಲ್ಲಿ ಶುರುವಾದ ಮಿಲಾಪ್, ಮುಂಬಯಿಯ ಕೆಟ್ಟೊ ಮೊದಲಾದ ವೇದಿಕೆಗಳಲ್ಲಿ ಆಸ್ಪತ್ರೆಯ ಕಾಗದಗಳನ್ನು ನೋಡಿ ಮನವಿಯನ್ನು ಪ್ರಕಟಿಸುತ್ತಾರೆ. ಶುಲ್ಕವಿಲ್ಲ ಎನ್ನುವ ಕಡೆಯೂ ದಾನಿಯಿಂದ ಟಿಪ್ ಎಂದು ಒಂದಿಷ್ಟು ಕೇಳುವುದುಂಟು. ಒಪ್ಪಂದವನ್ನು ಪೂರ್ತಿ ಓದಿ ಸಹಿ ಮಾಡಬೇಕು. ಹಣವನ್ನು ಕುಟುಂಬದ ಖಾತೆಗೆ ಹಾಕಿಸಿಕೊಳ್ಳುವುದಕ್ಕಿಂತ ಆಸ್ಪತ್ರೆಯ ಖಾತೆಗೆ, ಮಗುವಿನ ನೋಂದಣಿ ಸಂಖ್ಯೆಯ ಮೇಲೆ ನೇರವಾಗಿ ಕಟ್ಟಿಸುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ದಾನಿಗೆ ನಂಬಿಕೆ ಬರುತ್ತದೆ. ಕುಟುಂಬಕ್ಕೆ ತೆರಿಗೆಯ ತಲೆನೋವು ತಪ್ಪುತ್ತದೆ. ನೆಂಟರಲ್ಲದವರಿಂದ ಒಂದು ವರ್ಷದಲ್ಲಿ ಒಟ್ಟು ಐವತ್ತು ಸಾವಿರಕ್ಕಿಂತ ಹೆಚ್ಚು ಕೈಗೆ ಬಂದರೆ ಕಾನೂನು ಅದನ್ನು ಆದಾಯವೆಂದು ಎಣಿಸುತ್ತದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ರಿಸರ್ವ್ ಬ್ಯಾಂಕ್ 2023ರ ಡಿಸೆಂಬರಿನಲ್ಲಿ ಆಸ್ಪತ್ರೆಗೆ ಯುಪಿಐ ಮೂಲಕ ಒಮ್ಮೆಗೆ ಕಟ್ಟಬಹುದಾದ ಮೊತ್ತವನ್ನು ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದ್ದರಿಂದ ಇದು ಸುಲಭವೂ ಆಗಿದೆ. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದನ್ನು ಒಬ್ಬರಿಂದ ಒಂದೇ ದಿನ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ತಡೆಯಿದೆ. ಹೊಲ ಮಾರಿ ನೋಟಿನ ಕಟ್ಟು ಹಿಡಿದು ಬಂದವರು ಇಲ್ಲಿ ಗಾಬರಿಯಾಗುತ್ತಾರೆ. ಹಣವನ್ನು ಊರಿನಲ್ಲೇ ಬ್ಯಾಂಕಿಗೆ ಹಾಕಿ ಬರುವುದು ಲೇಸು. ದಾನಿಗೆ ತೆರಿಗೆ ವಿನಾಯಿತಿ ಬೇಕಿದ್ದರೆ ನೋಂದಾಯಿತ ಟ್ರಸ್ಟಿಗೆ ಕೊಡಬೇಕು, ವ್ಯಕ್ತಿಗೆ ಕೊಟ್ಟದ್ದಕ್ಕೆ ಸಿಗುವುದಿಲ್ಲ. ವಿದೇಶದಲ್ಲಿರುವ ಕನ್ನಡಿಗರು ಟ್ರಸ್ಟಿನ ಮೂಲಕ ಕಳಿಸುವುದಾದರೆ, ಭಾರತದ ಪಾಸ್‌ಪೋರ್ಟ್ ಉಳ್ಳವರ ಹಣ ಬ್ಯಾಂಕಿನ ಮೂಲಕ ಬಂದರೆ ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರದು ವಿದೇಶಿ ದೇಣಿಗೆ, ಅದನ್ನು ಪಡೆಯಲು ಟ್ರಸ್ಟಿಗೆ ವಿದೇಶಿ ದೇಣಿಗೆ ಕಾನೂನಾದ ಎಫ್‌ಸಿಆರ್‌ಎ ಅನುಮತಿ ಬೇಕು.

ಮನವಿಯ ಬರಹ ಚಿಕ್ಕದಾಗಿರಲಿ. ಕಾಯಿಲೆ ಏನು, ಆಪರೇಷನ್ ಯಾವಾಗ, ಒಟ್ಟು ಎಷ್ಟು, ಯೋಜನೆಯಿಂದ ಬಂದದ್ದೆಷ್ಟು, ಮನೆಯವರು ಹಾಕಿದ್ದೆಷ್ಟು, ಬೇಕಾದದ್ದೆಷ್ಟು, ಯಾರನ್ನು ವಿಚಾರಿಸಬೇಕು, ಇಷ್ಟು ಸಾಕು. ಕೊಳವೆ ಸಿಕ್ಕಿಸಿದ ಬೆತ್ತಲೆ ಎದೆಯ, ಅಳುವ ಮಗುವಿನ ಚಿತ್ರ ಹಾಕುವುದನ್ನು ಯಾವ ಕಾರಣಕ್ಕೂ ಒಪ್ಪಲಾಗದು. ಆ ಮಗು ಬದುಕಿ, ಬೆಳೆದು, ಶಾಲೆಗೆ ಹೋಗುವಾಗಲೂ ಆ ಚಿತ್ರ ಎಲ್ಲೋ ಒಂದು ಫೋನಿನಲ್ಲಿ ಇರುತ್ತದೆ. ಭಾರತದ ಜಾಹೀರಾತು ಗುಣಮಟ್ಟ ಮಂಡಳಿ 2023ರಲ್ಲಿ ಚಂದಾ ಜಾಹೀರಾತುಗಳಿಗೆ ಹಾಕಿದ ನಿಯಮಗಳಲ್ಲೂ ಇದೇ ಇದೆ: ನೋಡುವವರಿಗೆ ಸಂಕಟವಾಗುವ ಚಿತ್ರಗಳನ್ನು ಮಸುಕು ಮಾಡಬೇಕು, ಕೊಡದವರು ತಪ್ಪಿತಸ್ಥರೆಂಬ ಭಾವನೆ ಹುಟ್ಟಿಸಬಾರದು. ಆರೋಗ್ಯವಾಗಿದ್ದ ದಿನದ ಒಂದು ನಗುವ ಫೋಟೊ ಸಾಕು.

ಕೊಡುವವರಿಗೂ ಒಂದು ಹೊಣೆಯಿದೆ. ಹಳೆಯ ಮನವಿಯ ಚಿತ್ರಕ್ಕೆ ಹೊಸ ಖಾತೆ ಸಂಖ್ಯೆ ಅಂಟಿಸಿ ಹರಿಬಿಡುವ ವಂಚಕರಿದ್ದಾರೆ. ಬಂದ ಸಂದೇಶವನ್ನು ಮುಂದೆ ದೂಡುವ ಮೊದಲು ಆಸ್ಪತ್ರೆಯ ಹೆಸರನ್ನು ಹುಡುಕಿ, ಅದರ ಸ್ವಂತ ಫೋನ್ ಸಂಖ್ಯೆಗೆ ಕರೆ ಮಾಡಿ, ನೋಂದಣಿ ಸಂಖ್ಯೆ ಸರಿಯೇ ಎಂದು ಕೇಳಬಹುದು. ಸಂದೇಶದಲ್ಲಿ ಕೊಟ್ಟ ಸಂಖ್ಯೆಗೇ ಕರೆ ಮಾಡಿ ಖಚಿತಪಡಿಸಿಕೊಂಡರೆ ಅದು ಪರಿಶೀಲನೆಯಾಗುವುದಿಲ್ಲ. ಹಣ ಕೊಡಲಾಗದವರು ರಕ್ತ ಕೊಡಬಹುದು. ಊರಿಂದ ಬಂದ ಕುಟುಂಬಕ್ಕೆ ಹತ್ತು ದಿನ ಒಂದು ಕೋಣೆ ಕೊಡಬಹುದು. ತೆಲುಗು ಬಾರದ ತಾಯಿಯ ಜೊತೆ ಕೌಂಟರಿನವರೆಗೆ ನಡೆದು ಅರ್ಜಿ ತುಂಬಿಸಬಹುದು. ಕಾಚಿಗುಡ, ತಾರ್ನಾಕ, ಹಬ್ಸಿಗುಡಗಳಲ್ಲಿ ನೆಲೆಸಿದ ಕನ್ನಡಿಗರಿಂದ ಆಗಬಹುದಾದ ದೊಡ್ಡ ಉಪಕಾರ ಈ ಕೊನೆಯದು.

ಸಾಲದ ಬಗ್ಗೆ ಒಂದು ಎಚ್ಚರಿಕೆ ಬೇಕು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಹಳ್ಳಿಗಳಲ್ಲಿ ಆಸ್ಪತ್ರೆ ಸೇರಿದವರ ಖರ್ಚಿಗೆ ನೂರರಲ್ಲಿ ಸುಮಾರು 80 ಪ್ರಕರಣಗಳಲ್ಲಿ ಮನೆಯ ಉಳಿತಾಯ, 13ರಲ್ಲಿ ಸಾಲ ಮುಖ್ಯ ಆಧಾರ. ದಾನ ಬರುತ್ತದೆಂಬ ನಂಬಿಕೆಯ ಮೇಲೆ ತಿಂಗಳಿಗೆ ನೂರಕ್ಕೆ ಐದು ಬಡ್ಡಿಯ ಕೈಸಾಲ ತಂದರೆ, ಮಗು ಮನೆಗೆ ಬಂದ ವರ್ಷವೇ ಹೊಲ ಕೈಬಿಟ್ಟು ಹೋಗಬಹುದು. ತುರ್ತಿಗೆ ಬಂಗಾರ ಗಿರವಿ ಇಡುವುದಾದರೆ ಬ್ಯಾಂಕಿನಲ್ಲಿ ಇಡುವುದು ಮೇಲು. ಸಾಧ್ಯವಾದಲ್ಲಿ ಕಂತಿನಲ್ಲಿ ಕಟ್ಟಲು, ಜನರಲ್ ವಾರ್ಡಿನ ದರ ಹಾಕಲು ಆಸ್ಪತ್ರೆಯ ಆಡಳಿತವನ್ನು ಕೇಳಿ ನೋಡಬೇಕು. ಕೇಳಿದವರಿಗೆ ರಿಯಾಯಿತಿ ಸಿಕ್ಕಿದೆ.

ಆಪರೇಷನ್ ಮುಗಿದ ಮೇಲೆ ಉಳಿಯುವುದು ಲೆಕ್ಕ. ಬಂದದ್ದೆಷ್ಟು, ಆಸ್ಪತ್ರೆಗೆ ಹೋದದ್ದೆಷ್ಟು ಎಂದು ಒಂದು ಪುಟದಲ್ಲಿ ಬರೆದು, ಬಿಲ್ಲಿನ ಪ್ರತಿಯೊಂದಿಗೆ ಕೊಟ್ಟವರಿಗೆಲ್ಲ ಕಳಿಸಬೇಕು. ಮಗು ಉಳಿಯದೆ ಹೋದರೂ ಇದನ್ನು ಮಾಡಬೇಕಾಗುತ್ತದೆ; ಆಗ ತಂದೆತಾಯಿಯ ಮೇಲೆ ಅದನ್ನು ಹೊರಿಸದೆ ಉಸ್ತುವಾರಿಯ ಇಬ್ಬರು ಮಾಡುವುದು ಮನುಷ್ಯತ್ವ. ಹಣ ಮಿಕ್ಕರೆ ಮುಂದಿನ ಎರಡು ಮೂರು ವರ್ಷದ ತಪಾಸಣೆ ಮತ್ತು ಔಷಧಿಗೆಂದು ಒಂದಿಷ್ಟನ್ನು ಎತ್ತಿಡಬಹುದು, ಆದರೆ ಅದನ್ನು ಮನವಿಯಲ್ಲೇ ಮೊದಲು ಹೇಳಿರಬೇಕು. ಅದಕ್ಕೂ ಮೀರಿದ್ದು ಕುಟುಂಬದ್ದಲ್ಲ. ಕಣ್ಣೂರಿನ ಸಮಿತಿ ಹೆಚ್ಚುವರಿ ಹಣವನ್ನು ಅದೇ ಕಾಯಿಲೆಯ ಬೇರೆ ಮಕ್ಕಳಿಗೆ ಮೀಸಲಿಡುವುದಾಗಿ ತಿಳಿಸಿತ್ತು. ಸಣ್ಣ ಮೊತ್ತವಾದರೆ ಅದೇ ಆಸ್ಪತ್ರೆಯ ಬಡರೋಗಿಗಳ ನಿಧಿಗೆ, ಮುಂದಿನ ಹಾಸಿಗೆಯಲ್ಲಿ ಎಸ್ಟಿಮೇಟ್ ಹಿಡಿದು ಕೂತ ಮಗುವಿನ ಹೆಸರಿಗೆ ಕಟ್ಟಿ, ರಸೀದಿಯನ್ನು ಲೆಕ್ಕದ ಪುಟಕ್ಕೆ ಸೇರಿಸಬೇಕು.